ಜರ್ಮನ್ ನಾಯಕನಿಗೊಂದು ಸನ್ಮಾನಪತ್ರ

ನವೆಂಬರ್ ೩, ಸೋಮವಾರ

ಇನ್ನು ನಾನು ಬರೆದದ್ದಕ್ಕೆಲ್ಲ 'ಇದು ತಮಾಷೆ' ಎಂದು ಸೀಲು ಹೊಡೆಯಬೇಕು. ಸಾಕಾಯಿತು.

ಸಯನ್‌ನ ನಮ್ಮ ಕನ್ನಡ ಸಂಘದಲ್ಲಿ ಯಾರಿಗೆ ಶಾಲು ಹೊದಿಸಿದರೂ ಸನ್ಮಾನಪತ್ರ ಬರೆಯುವವನು ನಾನೇ. ಅದೇ ಧಾಟಿಯಲ್ಲಿ ಜರ್ಮನಿಯ ಒಬ್ಬ ಕಟ್ಟಾ ಬಲಪಂಥೀಯ ನಾಯಕನಿಗೂ ಒಂದು ಬರೆದು ಮನೆಯವರ ಗ್ರೂಪಿಗೆ ಹಾಕಿದ್ದೆ: 'ಮಾನ್ಯರೇ, ತಮ್ಮನ್ನು ಪಕ್ಷಕ್ಕೆ ಕರೆತಂದ ಗುರುವನ್ನೇ ಹೊರಗಟ್ಟಿದಿರಿ. ಮೂರು ಚುನಾವಣೆ ಸೋತು, ಹೊರಗಿನವರನ್ನು ಓಡಿಸುತ್ತೇನೆಂದು ಗುಡುಗಿ ನಾಲ್ಕನೆಯದನ್ನು ಗೆದ್ದಿರಿ.'

ಸದಾನಂದ ಮಾವ ಅದನ್ನು ನಿಜವಾದ ಹೊಗಳಿಕೆ ಎಂದೇ ತಿಳಿದರು! ಸಾಂತಾಕ್ರೂಜ್‌ನ ತಮ್ಮ ಹೋಟೆಲಿನಲ್ಲಿ ಕೆಲಸದವರಿಗೆಲ್ಲ ಓದಿ ಹೇಳಿ, ಸಂಜೆ ಮಗಳು ಹರಿಣಿಯೊಂದಿಗೆ ನಮ್ಮ ಮನೆಗೂ ಬಂದರು.

"ಗಂಡಸು ಅಂದ್ರೆ ಇವ ಮಾರಾಯ! ಹೊರಗಿನವರನ್ನು ಓಡಿಸ್ಲಿಕ್ಕೇ ಬೇಕು."

ಮಾವನ ಅಪ್ಪ ಊರು ಬಿಟ್ಟು ಈ ಮರಾಠಿ ನಗರಕ್ಕೆ ಬಂದು ಬೈಕುಲ್ಲಾದಲ್ಲಿ ಹೋಟೆಲು ತೆರೆದಾಗ, ಅದರ ಗಾಜು ಒಡೆದ ಇಲ್ಲಿನವರೂ ಇದನ್ನೇ ಕೂಗಿದ್ದರು. ಹರಿಣಿಯೋ, ಜನವರಿಯಲ್ಲಿ ನರ್ಸ್ ಕೆಲಸಕ್ಕೆ ಆ ನಾಯಕನ ಊರಿಗೇ ಹೊರಟವಳು.

"ಪಪ್ಪಾ, ಅಲ್ಲಿ ನಾನು ಹೊರಗಿನವಳಲ್ವಾ?"

"ನೀನು ದುಡಿಲಿಕ್ಕೆ ಹೋಗುದಲ್ವಾ!"

"ಮತ್ತೆ ಅಜ್ಜ ಬೈಕುಲ್ಲಾಕ್ಕೆ ಸಿನಿಮಾ ನೋಡ್ಲಿಕ್ಕೆ ಬಂದದ್ದಾ?"

ಮಾವ ಚಹಾ ಬಿಟ್ಟು ಎದ್ದರು. ನಾನು ನಕ್ಕೆ. ಹರಿಣಿ ನಗಲಿಲ್ಲ. "ನಿಂಗೆ ಎಲ್ಲ ಜೋಕೇ. ಅಲ್ಲಿಗೆ ಹೋಗುದು ನಾನು," ಅಂದಳು.

ಅವಳು ಹೊರಡುವ ಮೊದಲು ಸಂಘದವರು ಅವಳಿಗೂ ಶಾಲು ಹೊದಿಸುತ್ತಾರೆ. ಪತ್ರ ನಾನೇ ಬರೆಯಬೇಕು. 'ಮಾನ್ಯರೇ, ತಾವು' ಎಂದು ಬರೆದು ಒಂದು ಗಂಟೆಯಾಯಿತು.