ಚಂದ್ಯಾನ ಕಾಲು

ರಾಜೇಶ್ವರ
ಶನಿವಾರ, ೧೮ ಜನವರಿ ೨೦೨೫

ಹುಮನಾಬಾದಿನಲ್ಲಿ ಕೂತು ನನ್ನ ಮೇಲೆ ಮುಖ ಊದಿಸಿಕೊಂಡಿರುವ ಸೋನಾಲಿ ಅಕ್ಕನಿಗೆ, ನಿನ್ನ ತಂಗಿ ಉಜ್ವಲಾ ಮಾಡುವ ನಮಸ್ಕಾರ.

ಸಂಕ್ರಮಣಕ್ಕೆ ನಿನ್ನಿಂದ ಎಳ್ಳು ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಸಿಟ್ಟು ನನಗೆ ಮುಟ್ಟಿದೆ, ಇನ್ನು ಸಾಕು ಮಾಡು. ನಿಮ್ಮ ಓಣಿಯ ಗುಂಡಪ್ಪ ಕಾಕಾ ನನ್ನನ್ನು ಬಸ್‌ಸ್ಟ್ಯಾಂಡಿನ ಹತ್ತಿರ ನೋಡಿದ್ದು ನಿಜ. ನಾನು ಟಂಟಂ ಗಾಡಿಯಲ್ಲಿ ಹೋತವೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದೂ ನಿಜ. ಅವನನ್ನು ಕಂಡು ಸೆರಗು ಮುಖಕ್ಕೆ ಎಳೆದುಕೊಂಡದ್ದು ಮಾತ್ರ ಅವನು ಸೇರಿಸಿ ಹೇಳಿದ್ದು ಎನ್ನಬೇಕೆಂದಿದ್ದೆ, ಆದರೆ ಅದೂ ನಿಜವೇ. ಅಕ್ಕನ ಓಣಿ ಹಾದು ಹೋಗಿ ಒಂದು ಗುಟುಕು ನೀರು ಕುಡಿಯದೆ ಹೋದಳು, ಅಕ್ಕನಿಗಿಂತ ಹೋತ ಹೆಚ್ಚಾಯಿತು ಎಂದು ನೀನು ಅಂದದ್ದನ್ನು ಬಳೆ ಮಾರುವ ಕರೀಮಾ ನನಗೆ ಹೇಳಿದಳು. ಅವಳ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನಗಬೇಡ. ನಮ್ಮ ಮನೆಯಲ್ಲಿರುವುದು ಒಂದೇ ಫೋನು, ಅದು ಇವರ ಜೇಬಿನಲ್ಲಿ. ಮಾತಾಡಲು ಕೊಟ್ಟರೂ ಸ್ಪೀಕರ್ ಹಾಕಿಯೇ ಕೊಡುತ್ತಾರೆ. ನಾನು ನಿನಗೆ ಹೇಳುವುದನ್ನು ಅತ್ತೆ, ಇವರು, ಪಕ್ಕದ ಮನೆಯವರು, ಎಲ್ಲರೂ ಕೇಳಿ ಆಮೇಲೆ ನೀನು ಕೇಳುತ್ತೀಯ. ಇವತ್ತು ಕೂಲಿಗೆ ಹೋಗಿಲ್ಲ, ನನ್ನ ಮಗ ದತ್ತುವನ್ನು ಎತ್ತಿಕೊಂಡು ಅತ್ತೆ ಹೊಲದ ಕಡೆ ಹೋಗಿದ್ದಾರೆ. ಬರುವಷ್ಟರಲ್ಲಿ ಮುಗಿಸಬೇಕು.

ಚಂದ್ಯಾ ನಿನಗೆ ಗೊತ್ತಲ್ಲ, ಹಣೆಯ ಮೇಲೆ ಬಿಳಿ ಚುಕ್ಕೆಯ ನಮ್ಮ ಹೋತ. ಹೋದ ಸಲ ಬಂದಾಗ ನಿನ್ನ ಹೊಸ ಸೀರೆಯ ಸೆರಗು ಅಗಿದು ನಿನ್ನ ಕೈಯಲ್ಲಿ ಬೈಸಿಕೊಂಡವನು. ತಾಯಿ ಸತ್ತ ಮರಿ ಎಂದು ಸಂತೆಯಲ್ಲಿ ಕಡಿಮೆಗೆ ಸಿಕ್ಕಿತೆಂದು ಅತ್ತೆ ತಂದರು. ದತ್ತು ಬಿಟ್ಟ ಹಾಲಿನ ಬಾಟಲಿಯಲ್ಲಿ ನಾನೇ ಕುಡಿಸಿ ಬೆಳೆಸಿದೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಎಲ್ಲಿದ್ದರೂ ಓಡಿ ಬಂದು ನನ್ನ ಬೆನ್ನಿಗೆ ತಲೆ ಒತ್ತಿ ನಿಲ್ಲುತ್ತಾನೆ. ಈ ಮನೆಯಲ್ಲಿ ನನ್ನನ್ನು ಕೆಲಸಕ್ಕಲ್ಲದೆ ಹುಡುಕಿಕೊಂಡು ಬರುವವನು ಅವನೊಬ್ಬನೇ, ಅಕ್ಕ.

ಅವನನ್ನು ಯಾಕೆ ತಂದರು ಎಂಬುದೂ ನಿನಗೆ ಗೊತ್ತು. ದತ್ತು ತಿಂಗಳು ತುಂಬದೆ ಹುಟ್ಟಿ ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾಗ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ಕೂಸು ಉಳಿದರೆ ಅಂಗನವಾಡಿಗೆ ಹೋಗುವ ವರ್ಷ ಕಂದೂರಿ ಮಾಡುತ್ತೇನೆ, ನಮ್ಮ ಹೊಲದ ದಾರಿಯ ದರ್ಗಾದಲ್ಲಿ ಹೋತ ಕೊಯ್ಯಿಸಿ ಓಣಿಗೆಲ್ಲ ಊಟ ಹಾಕುತ್ತೇನೆ ಎಂದು ಅತ್ತೆ ನಿನ್ನೆದುರೇ ಹರಕೆ ಹೊತ್ತರು. ಚಂದ್ಯಾ ಬಂದ ವಾರವೇ ದರ್ಗಾಕ್ಕೆ ಒಯ್ದು ಅವನ ಕೊರಳಿಗೆ ಹಸಿರು ದಾರ ಕಟ್ಟಿಸಿಕೊಂಡು ಬಂದರು. ದಾರ ಕಟ್ಟಿದ ಜೀವವನ್ನು ಮಾರುವಂತಿಲ್ಲ, ಬದಲಿಸುವಂತಿಲ್ಲ. ಅವನನ್ನು ಸಾಕುವಾಗ ಇದೆಲ್ಲ ನೆನಪಿರಲಿಲ್ಲವೇ ಎಂದು ಕೇಳಬೇಡ. ನೆನಪಿತ್ತು, ಆದರೆ ಬಾಟಲಿ ಹಿಡಿದ ಕೈಗೆ ಅದನ್ನು ಹೇಳುವವರು ಯಾರು?

ಎಳ್ಳ ಅಮಾವಾಸ್ಯೆಯ ಮರುದಿನ ಕಬ್ಬು ತುಂಬಿದ ಟ್ರ್ಯಾಕ್ಟರ್ ಹಳ್ಳಿಖೇಡದ ಕಡೆ ಹೋಗುತ್ತಿತ್ತು. ಟ್ರಾಲಿಯಿಂದ ಜೋತುಬಿದ್ದ ಕಬ್ಬಿನ ಸೋಗೆಗೆ ಚಂದ್ಯಾ ಬಾಯಿ ಹಾಕಲು ಹೋದ. ಹಿಂದಿನ ಗಾಲಿ ಮುಂಗಾಲಿನ ಮೇಲೆ ಹತ್ತಿ ಇಳಿಯಿತು. ಮೊಣಕಾಲಿನ ಕೆಳಗೆ ಎಲುಬು ಹೊರಗೆ ಬಂದಿತ್ತು. ಅವನು ಕೂಗಿದ್ದನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಮನೆಯವರೆಲ್ಲ ಸೇರಿ ಅರಿಶಿನ ಮೆತ್ತಿ ಬಿದಿರ ಚಕ್ಕೆ ಕಟ್ಟಿದೆವು. ಎರಡು ಮೂರು ದಿನದಲ್ಲಿ ಗಾಯ ನಾರಲು ಶುರುವಾಯಿತು.

ಇವರಿಗೆ ಹೇಳಿದೆ. "ಕೊಯ್ಯೋ ಜೀವಕ್ಕ ಇಂಜೆಕ್ಷನ್ ಯಾಕ ಬೇಕು?" ಅಂದರು. ಇವರು ಕೆಟ್ಟವರಲ್ಲ, ನಿನಗೂ ಗೊತ್ತು. ದತ್ತುವಿಗೆ ಕೆಮ್ಮು ಬಂದಾಗಲೇ ಸಾಹುಕಾರರ ಬಳಿ ಕೈ ಚಾಚುವ ಮನೆಯಲ್ಲಿ ಹೋತಕ್ಕೆ ಡಾಕ್ಟರು ಎಂದರೆ ಯಾರಿಗಾದರೂ ನಗು ಬರುತ್ತದೆ. ಮತ್ತೆ ದರ್ಗಾದ ಮಹೆಬೂಬ ಮುಲ್ಲಾರನ್ನು ಕರೆಸಿ, ನರಳುವ ಬದಲು ಈಗಲೇ ಹರಕೆ ತೀರಿಸಬಹುದೇ ಎಂದು ಕೇಳಿದರು. ಮುಲ್ಲಾ ಚಂದ್ಯಾನ ಹಲ್ಲು ನೋಡಿದರು, ಕಾಲು ನೋಡಿದರು. "ಲಂಗಡಾ ನಡಿಯಂಗಿಲ್ರಿ ಗಯಾಬಾಯಿ. ಕೊಡೂ ಜಾನವರ ಪೂರಾ ಇರಬೇಕು" ಎಂದು ಅತ್ತೆಗೆ ಹೇಳಿದರು, ಕುಂಟ ಹೋತ ಹರಕೆಗೆ ಆಗದೆಂದು. ಹಾಗಾದರೆ ಇವನು ಹೀಗೇ ಉಳಿದುಬಿಟ್ಟರೆ ಏನು ಎಂದು ನಾನು ಬಾಗಿಲ ಹಿಂದಿನಿಂದ ಕೇಳಿದೆ. ಹೀಗೇ ಉಳಿದರೆ ಅವನು ಪೀರಸಾಹೇಬರ ಜೀವ, ಇದ್ದಷ್ಟು ದಿನ ಇರಲಿ, ಹರಕೆಗೆ ಬೇರೆ ಹೋತ ತರಬೇಕು ಎಂದರು. ಅತ್ತೆ ನನ್ನ ಕಡೆ ತಿರುಗಿ ನೋಡಿದರು.

ಬಸವಕಲ್ಯಾಣದ ಸರಕಾರಿ ದನದ ದವಾಖಾನೆಗೆ ಒಯ್ದೆ. ಪಾಪ, ಅವರು ದುಡ್ಡು ತಗೊಳ್ಳದೆ ಗಾಯ ತೊಳೆದು ಸೂಜಿ ಹಾಕಿದರು. ಆದರೆ ಎಲುಬಿನ ಫೋಟೋ ತೆಗೆಯಬೇಕು, ಆಪರೇಷನ್ ಆಗಬೇಕು, ಇಲ್ಲಿ ಆಗದು, ಬೀದರಿಗೆ ಒಯ್ಯಿರಿ, ಇಲ್ಲವೇ ಹುಮನಾಬಾದಿನಲ್ಲಿ ಬಸವಕುಮಾರ ಡಾಕ್ಟರ ಖಾಸಗಿ ದವಾಖಾನೆ ಇದೆ ಎಂದರು. ಬೀದರಿನ ಗಾಡಿ ಬಾಡಿಗೆ ಕೇಳಿಯೇ ನಾನು ತಿರುಗಿ ಬಂದೆ. ಮನೆಗೆ ಬಂದು ಕಟ್ಟೆಯ ಮೇಲೆ ಅವನನ್ನು ಮಲಗಿಸಿದೆ. ಅವನು ನನ್ನ ಕೈ ನೆಕ್ಕುತ್ತಿದ್ದ. ಎಲ್ಲಿ ಹೋಗಲಿ, ಯಾರನ್ನು ಕೇಳಲಿ ಎಂದು ತಿಳಿಯಲಿಲ್ಲ. ಹೆಂಗಸರ ಉಳಿತಾಯ ಸಂಘದಲ್ಲಿ ಸಾಲ ಕೇಳಿದರೆ ನಗುತ್ತಾರೆ, ನಿನ್ನನ್ನು ಕೇಳೋಣವೆಂದರೆ ಭಾವನ ಕಾರ್ಖಾನೆಯ ಪಗಾರ ನಿಂತದ್ದು ನನಗೆ ಗೊತ್ತಿತ್ತು.

ದುಡ್ಡು ಕೊಟ್ಟವರು ಯಾರು ಎಂದುಕೊಂಡೆ? ಅತ್ತೆ! ಕಂದೂರಿಯ ಅಕ್ಕಿ ಮಸಾಲೆಗೆಂದು ಟ್ರಂಕಿನ ತಳದಲ್ಲಿ ಅರಿವೆಯಲ್ಲಿ ಗಂಟು ಕಟ್ಟಿಟ್ಟದ್ದನ್ನು ತೆಗೆದು ನನ್ನ ಕೈಯಲ್ಲಿಟ್ಟರು. "ನಮ್ಮ ದತ್ತೂನ ಜೀವದ ಮಾತು ಐತೆವ್ವಾ. ನಾಕೂ ಕಾಲ ನೆಟ್ಟಗ ಮಾಡ್ಕೊಂಡು ಬಾ" ಎಂದರು. ಸೊಸೆಗೆ ಎಂದೂ ಕೈ ಮುಗಿಯದ ಹೆಂಗಸು ಅವತ್ತು ಮುಗಿದರು. ಕಾಲು ನೆಟ್ಟಗಾದರೆ ಬರುವ ತಿಂಗಳು ಒಂದು ಗುರುವಾರ ಕಂದೂರಿ ಎಂದು ಆಗಲೇ ಓಣಿಗೆ ಹೇಳಿಯೂ ಆಗಿತ್ತು.

ಟಂಟಂನಲ್ಲಿ ಹುಮನಾಬಾದಿಗೆ ಬರುವ ದಾರಿಯುದ್ದಕ್ಕೂ ಆ ದುಡ್ಡು ನನ್ನ ಸೊಂಟದಲ್ಲಿ ಚುಚ್ಚುತ್ತಿತ್ತು. ಅವನ ನೋವು ತೆಗೆಯಲು ನನ್ನ ಬಳಿ ಇದ್ದದ್ದು ಅದೊಂದೇ, ಅದನ್ನು ಕೊಟ್ಟದ್ದು ಅವನನ್ನು ಕೊಯ್ಯುವುದಕ್ಕಾಗಿ. ನಿನ್ನ ಮನೆಗೆ ಯಾಕೆ ಬರಲಿಲ್ಲ ಎಂಬುದಕ್ಕೆ ಇಷ್ಟು ಸಾಕಲ್ಲವೇ? ನೀನು ಚಹಾ ಕೊಟ್ಟು ಏನಾಯಿತೇ ಎಂದು ಒಂದು ಮಾತು ಕೇಳಿದ್ದರೆ ನಾನು ಅಲ್ಲೇ ಕುಸಿದು ಕೂರುತ್ತಿದ್ದೆ. ಆಮೇಲೆ ಡಾಕ್ಟರ ಬಳಿಗೆ ಹೋಗಲು ನನ್ನಿಂದ ಆಗುತ್ತಿರಲಿಲ್ಲ.

ಬಸವಕುಮಾರ ಡಾಕ್ಟರು ಒಳ್ಳೆಯ ಮನುಷ್ಯರು. ಫೋಟೋ ತೆಗೆದು ನೋಡಿದರು. ಕಾಲು ಹೋಗಬೇಕು, ಇಲ್ಲವಾದರೆ ಜೀವ ಹೋಗುತ್ತದೆ ಎಂದರು. ಕಾಲು ಉಳಿಸುವುದಕ್ಕೆ ದುಡ್ಡೂ ಸಾಲುತ್ತಿರಲಿಲ್ಲ. ಹಾಗಾಗಿ ತೆಗೆಸಿಕೊಂಡು ಬಂದೆ. ಮನೆಯಲ್ಲೂ ಇದನ್ನೇ ಹೇಳಿದ್ದೇನೆ.

ಈಗ ಚಂದ್ಯಾ ಮೂರು ಕಾಲಿನಲ್ಲಿ ಕುಪ್ಪಳಿಸುತ್ತಾನೆ. ಮೊದಲು ಎರಡು ಸಲ ಮುಖ ಅಡಿಯಾಗಿ ಬಿದ್ದ, ನಾನು ಅತ್ತುಬಿಟ್ಟೆ. ಈಗ ನೀರಿನ ಕೊಡಪಾನದ ತನಕ ತಾನೇ ಹೋಗುತ್ತಾನೆ, ಇವರ ಚಪ್ಪಲಿಯನ್ನು ಮೊದಲಿನಂತೆಯೇ ಅಗಿಯುತ್ತಾನೆ. ಮುಲ್ಲಾ ಬಂದು ನೋಡಿ ಕೊರಳಿನ ದಾರ ಬಿಚ್ಚಲಿಲ್ಲ, ಇರಲಿ ಎಂದರು. ಹೋಗುವಾಗ ಅತ್ತೆಗೆ, ಇಂಥ ಎಷ್ಟೋ ಕಾಲು ಕೂಡಿದ್ದನ್ನು ತಾನು ನೋಡಿದ್ದೇನೆ, ಇದು ಯಾಕೆ ಕೂಡಲಿಲ್ಲವೋ ಎಂದು ಒಂದು ಮಾತು ಅಂದು ಹೋದರು. ಅವರು ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ.

ಅವತ್ತಿನಿಂದ ಅತ್ತೆ ನನ್ನನ್ನು ಬೈಯುತ್ತಿಲ್ಲ, ಅಕ್ಕ. ಬೈದಿದ್ದರೆ ಚೆನ್ನಾಗಿತ್ತು. ಉಣ್ಣುತ್ತಾ ಉಣ್ಣುತ್ತಾ ಕೈ ನಿಲ್ಲಿಸಿ ದತ್ತುವನ್ನು ನೋಡುತ್ತಾರೆ, ಅವನು ಸೀನಿದರೆ ಎದ್ದು ಹೋಗಿ ಹಣೆ ಮುಟ್ಟುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ಹರಕೆ ತಪ್ಪಿದರೆ ಏನಾಗುತ್ತದೋ ಎಂಬ ಹೆದರಿಕೆ ಅವರಿಗೊಬ್ಬರಿಗೇ ಎಂದು ತಿಳಿಯಬೇಡ. ಪೆಟ್ಟಿಗೆಯಲ್ಲಿದ್ದ ಆ ಕೂಸನ್ನು ನಾನೂ ನೋಡಿದ್ದೇನೆ. ಓಡಿಹೋಗಲು ನನಗೆ ಜಾಗವೂ ಇಲ್ಲ, ಹೋದರೂ ಈ ಹೆದರಿಕೆ ಜೊತೆಗೇ ಬರುತ್ತದೆ.

ಇವರು ಮೊನ್ನೆ ಮುಂದಿನ ವರ್ಷದ ಕಂದೂರಿಗೆಂದು ಹೊಸ ಮರಿ ತಂದು ಅಂಗಳದಲ್ಲಿ ಕಟ್ಟಿದ್ದಾರೆ, ಸಾಲ ಮಾಡಿ. ಕರಿ ಮೈ, ಜೋಲು ಕಿವಿ. ಮೇವು ಹಾಕುವುದು ನನ್ನ ಪಾಲಿಗೇ ಬಂದಿದೆ. ಮುಖ ನೋಡದೆ ಹಾಕಿ ಬರುತ್ತೇನೆ. ನಿನ್ನೆ ಬೆಳಿಗ್ಗೆ ದತ್ತು ಅದಕ್ಕೊಂದು ಹೆಸರಿಟ್ಟುಬಿಟ್ಟಿದ್ದಾನೆ.

ಈಗ ಕೆಲಸದ ಮಾತು. ಬರುವ ಬುಧವಾರ ಅತ್ತೆ ಹುಮನಾಬಾದಿಗೆ ಅವರ ತಮ್ಮನ ಮೊಮ್ಮಗಳ ತೊಟ್ಟಿಲಿಗೆ ಬರುತ್ತಾರೆ, ನಿನ್ನ ಮನೆಯಲ್ಲೇ ಇಳಿಯುತ್ತಾರೆ. ಬಸವಕುಮಾರ ಡಾಕ್ಟರ ದವಾಖಾನೆ ತೋರಿಸು ಎಂದು ನಿನ್ನನ್ನು ಕೇಳುತ್ತಾರೆ. ನೀನು ಕರೆದುಕೊಂಡು ಹೋಗಬೇಡ. ಡಾಕ್ಟರು ಊರಲ್ಲಿಲ್ಲ ಅನ್ನು, ಮಗಳ ಮನೆಗೆ ಹೋಗಿದ್ದಾರೆ ಅನ್ನು, ಏನಾದರೂ ಅನ್ನು. ಅಷ್ಟು ಕೆಲಸವಿರುವ ಮನುಷ್ಯನಿಗೆ ಸುಮ್ಮನೆ ತೊಂದರೆ ಯಾಕೆ ಎಂದು ಅಷ್ಟೇ, ಬೇರೇನಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ಕರೀಮಾಳ ಹತ್ತಿರ ನಾಲ್ಕು ಹಸಿರು ಬಳೆ ತಗೋ, ದುಡ್ಡು ನಾನು ಕೊಟ್ಟಿದ್ದೇನೆ. ಸಿಟ್ಟು ಇಳಿದಿದ್ದರೆ ಬಳೆ ತೊಟ್ಟುಕೊಂಡಳು ಎಂದು ಅವಳ ಬಾಯಲ್ಲಿ ಹೇಳಿ ಕಳಿಸು.

ಹೊಟ್ಟೆಯಲ್ಲಿ ಹಾಕಿಕೊಳ್ಳುವೆ ಎಂಬ ಧೈರ್ಯದ ಮೇಲೆ,
ನಿನ್ನ
ಉಜ್ವಲಾ

ತಾ.ಕ.: ಇಷ್ಟು ಬರೆದು ಮಡಚಿ, ಮತ್ತೆ ಬಿಚ್ಚಿದ್ದೇನೆ. ಡಾಕ್ಟರು ಹಾಗೆ ಹೇಳಲಿಲ್ಲ ಅಕ್ಕ. ಕೀವು ಇನ್ನೂ ಮೇಲೆ ಏರಿಲ್ಲ, ಪಟ್ಟಿ ಹಾಕಿ ದಿನಾ ತೊಳೆದು ಔಷಧ ಕೊಟ್ಟರೆ ಕಾಲು ಕೂಡುತ್ತದೆ, ಮೊದಲಿನಂತೆ ನಡೆಯುತ್ತಾನೆ ಎಂದರು. ಅತ್ತೆ ಕೊಟ್ಟ ದುಡ್ಡು ಅದಕ್ಕೆ ಸಾಲುತ್ತಿತ್ತು. ಆದರೆ ನಡೆದರೆ ಅವನನ್ನು ಎಲ್ಲಿಗೆ ನಡೆಸುತ್ತಾರೆ ಎಂದು ನನಗೆ ಗೊತ್ತಿತ್ತು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಮತ್ತೆ ಮತ್ತೆ ಬರಲು ದುಡ್ಡಿಲ್ಲ, ಕತ್ತರಿಸಿಬಿಡಿ ಎಂದೆ. ಅವರು ಮತ್ತೊಮ್ಮೆ ಕೇಳಿದರು, ಅರ್ಧ ದುಡ್ಡಿಗೆ ಮಾಡಿಕೊಡುತ್ತೇನೆ ಎಂದೂ ಅಂದರು. ನಾನು ಬೇಡವೆಂದೆ. ನನ್ನ ಸೀರೆ ನೋಡಿ ನಂಬಿದರು. ಅದಕ್ಕೇ ಅತ್ತೆ ಆ ಬಾಗಿಲು ಹತ್ತಬಾರದು.

ಇನ್ನೊಂದು. ದತ್ತುವಿಗೆ ನಿನ್ನೆ ಸಂಜೆಯಿಂದ ಜ್ವರ. ಅತ್ತೆಗೆ ಕಾಣದಂತೆ ಗುಳಿಗೆ ಕೊಟ್ಟಿದ್ದೇನೆ, ಇನ್ನೂ ಇಳಿದಿಲ್ಲ. ಇವತ್ತು ಬೆಳಿಗ್ಗೆ ಅತ್ತೆ ಅವನ ಹಣೆ ಮುಟ್ಟಿ ನನ್ನ ಮುಖ ನೋಡಿದರು. ಒಲೆಯ ಮುಂದೆ ಕೂತಿದ್ದ, ಅದಕ್ಕೇ ಬಿಸಿ ಎಂದೆ.