ದಿವಂಗತ ಜಿ. ನೀಲಾಂಬಿಕೆಗೆ ಸನ್ಮಾನ

ಅಣ್ಣಾ ನಗರ್, ಚೆನ್ನೈ
17 ಫೆಬ್ರವರಿ 2025, ಸೋಮವಾರ

ಪ್ರೀತಿಯ ನೀಲಕ್ಕ,

ನಿನ್ನ ಮಂಡಿ ನೋವು ಹೇಗಿದೆ? ನಾನು ಕಳಿಸಿದ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೀಯೋ, ಇಲ್ಲ ಬಾಟಲಿ ಇನ್ನೂ ಕಪಾಟಿನಲ್ಲೇ ಕೂತಿದೆಯೋ? ಅರುಳ್ ಭಾವನಿಗೆ ಕಣ್ಣಿನ ಆಪರೇಷನ್ ಆದಮೇಲೆ ಪೇಪರ್ ಓದುವಷ್ಟು ಕಾಣಿಸುತ್ತಿದೆಯಾ? ತೂತ್ತುಕುಡಿಯ ಆ ಉಪ್ಪುಗಾಳಿಗೆ ಕಪ್ಪು ಕನ್ನಡಕ ಇಲ್ಲದೆ ಅವರನ್ನು ಹೊರಗೆ ಬಿಡಬೇಡ. ನೇಹಾ ಕಾಲೇಜಿಗೆ ಹೊರಡುವಾಗ, ದೊಡ್ಡಮ್ಮ ಅನ್ನದೆ, ಪೆರಿಯಮ್ಮನನ್ನು ಕೇಳಿದೆ ಅಂತ ಬರಿ ಅಂತ ತಮಿಳಿನಲ್ಲೇ ಹೇಳಿ ಹೋದಳು. ನಿನ್ನ ಸೊಸೆಗಾದರೂ ನಾಲ್ಕು ಮಾತು ಕನ್ನಡ ಬರುತ್ತದೆ, ನನ್ನ ಮಗಳಿಗೆ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ನಾವೆಲ್ಲ ಚೆನ್ನಾಗಿದ್ದೇವೆ ಅಂತ ಬರೆಯಬೇಕು. ಮೈ ಚೆನ್ನಾಗಿದೆ ಅಕ್ಕ. ಮನಸ್ಸು ಮಾತ್ರ ಒಂದು ವಾರದಿಂದ ಕುದಿಯುತ್ತಾ ಇದೆ.

ಫಂಕ್ಷನ್ ಹೇಗಾಯಿತು ಅಂತ ನೀನು ಫೋನಿನಲ್ಲಿ ಕೇಳಿದಾಗ, ಚೆನ್ನಾಗಾಯಿತು, ಕಾಫಿ ಕೂಡ ಚೆನ್ನಾಗಿತ್ತು ಅಂದುಬಿಟ್ಟೆ. ಕಾಫಿ ನಾನು ಕುಡಿಯಲೇ ಇಲ್ಲ. ನಿಜ ಹೇಳೋಣ ಅಂದರೆ ನಿನ್ನ ಸ್ವಭಾವ ನನಗೆ ಗೊತ್ತು. ಗ್ರೌಂಡಿನ ಮಾತು, ಓಟದ ಮಾತು ಬಂತು ಅಂದರೆ ಹಾಲು ಉಕ್ಕುತ್ತಿದೆ ಅಂತ ಹೇಳಿ ಫೋನ್ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲಿಕ್ಕೆ ಆಗುವುದಿಲ್ಲ. ಕೂತು ಪೂರ್ತಿ ಓದು. ಭಾವನಿಗೂ ಓದಿ ಹೇಳು.

ಯೂನಿವರ್ಸಿಟಿಯ ಕಾಗದ ಬಂದದ್ದು ಅಮ್ಮನ ಪೆರಂಬೂರಿನ ಮನೆಗೆ. ನಮ್ಮ ತಮ್ಮ ಸಿದ್ದು ಓದಿ ಹೇಳಿದ. ಯೂನಿವರ್ಸಿಟಿಯವರು ತಮ್ಮ ಹಳೆಯ ಆಟಗಾರರಿಗಾಗಿ ಹಾಲ್ ಆಫ್ ಫೇಮ್ ಅಂತ ಶುರು ಮಾಡುತ್ತಿದ್ದಾರೆ, ಮೊದಲ ಸಾಲಿನಲ್ಲಿ ನೀಲಕ್ಕನ ಹೆಸರಿದೆ, ಕುಟುಂಬದವರು ಬಂದು ಗೌರವ ಸ್ವೀಕರಿಸಬೇಕಂತೆ ಅಂದ. ಕುಟುಂಬದವರು ಅಂದದ್ದು ನಿನ್ನ ವಿಳಾಸ ಅವರ ಹತ್ತಿರ ಇಲ್ಲದ್ದಕ್ಕೆ ಅಂತ ನಾನು ಅಂದುಕೊಂಡೆ. ನಿನಗೆ ಫೋನ್ ಮಾಡಿದೆ. ನೀನು ಏನಂದೆ ನೆನಪಿದೆಯಾ? ‘ನನಗೆ ಬೇಡ ರಂಜು. ಇದ್ದೀಯಾ ಸತ್ತೆಯಾ ಅಂತ ಇಷ್ಟು ವರ್ಷದಲ್ಲಿ ಯಾರೂ ಕೇಳಲಿಲ್ಲ. ಬೇರೆಯವರು ಹೋಗಲಿ, ಮಾಧವಿ ಕೂಡ ಕೇಳಲಿಲ್ಲ. ನಿನಗೆ ಬೇಕಾದರೆ ನೀನು ಹೋಗಿ ಇಸ್ಕೊಂಡು ಬಾ.’ ನನಗೆ ಬೇಕಾಗಿತ್ತು ಅಕ್ಕ. ನೀನು ಓಡುತ್ತಿದ್ದಾಗ ನಾನು ಹನ್ನೊಂದು ವರ್ಷದವಳು, ನಿನ್ನ ಚಪ್ಪಲಿ ಹಿಡಿದುಕೊಂಡು ಗೆರೆಯ ಪಕ್ಕ ನಿಲ್ಲುವುದು ನನ್ನ ಕೆಲಸ. ನಾನೂರು ಮೀಟರಿನ ಕೊನೆಯ ತಿರುವಿನಲ್ಲಿ ಉಳಿದವರೆಲ್ಲ ಆಚೆ ಈಚೆ ನೋಡಿದರೆ ನೀನು ಒಬ್ಬಳು ಕತ್ತು ಆಡಿಸುತ್ತಿರಲಿಲ್ಲ. ಆಗ ಅಪ್ಪನೂ ಬರುತ್ತಿದ್ದರು. ಬೇಯಿಸಿದ ಕಡಲೆಕಾಯಿ ಪೊಟ್ಟಣ ಕಟ್ಟಿಸಿಕೊಂಡು, ಗೊತ್ತಿಲ್ಲದವರನ್ನೆಲ್ಲ ನಿಲ್ಲಿಸಿ ಅದು ನಮ್ಮ ಹುಡುಗಿ ಅಂತ ತೋರಿಸುತ್ತಿದ್ದರು. ಹಾಗಿದ್ದ ಅಪ್ಪ ಗುರುಬಸಪ್ಪನವರನ್ನೂ ನಾನು ನೋಡಿದ್ದೇನೆ, ಅದಕ್ಕೇ ಹೊಟ್ಟೆ ಹೆಚ್ಚು ಉರಿಯುತ್ತಿದೆ.

ನಾನೂ ಬರುತ್ತೇನೆ ಅಂತ ಅಮ್ಮ ಹಟ ಹಿಡಿದಳು. ಮಾವಿನಹಣ್ಣಿನ ಬಣ್ಣದ ರೇಷ್ಮೆ ಸೀರೆ ಉಟ್ಟಳು, ತಲೆಗೆ ಹೂ ಬೇಡ ಅಂದಳು. ಸಿದ್ದುಗೆ ರಜೆ ಇಲ್ಲವಂತೆ. ಯಾವಾಗ ತಾನೇ ಇತ್ತು ಅವನಿಗೆ? ಆಟೋದಲ್ಲಿ ದಾರಿಯುದ್ದಕ್ಕೂ ಅಮ್ಮ ಕಣ್ಣು ಮುಚ್ಚಿ ಕೂತಿದ್ದಳು, ಸೆಕೆಗೆ ಸುಸ್ತಾಗಿದೆ ಅಂದುಕೊಂಡೆ.

ಹಾಲ್ ತುಂಬಿತ್ತು. ಸ್ಟೇಜಿನ ಮೇಲೆ ಆಟಗಾರರ ದೊಡ್ಡ ದೊಡ್ಡ ಫೋಟೋ ಸಾಲಾಗಿ ನಿಲ್ಲಿಸಿದ್ದರು. ನಿನ್ನದು ದೂರದಿಂದಲೇ ಗೊತ್ತಾಯಿತು. ಎದೆ ಮುಂದೆ ಮಾಡಿ ರಿಬ್ಬನ್ ಹರಿಯುತ್ತಿದ್ದೀಯ, ಬಾಯಿ ತೆರೆದಿದೆ, ಒಂದು ಜಡೆ ಗಾಳಿಯಲ್ಲಿದೆ. ನನಗೆ ಅಳು ಬಂತು. ಗಂಧದ ಹಾರ ಹಾಕಿದ್ದರು, ಸನ್ಮಾನದ ಹಾರ ಅಂತ ಸಂತೋಷಪಟ್ಟೆ. ಆಮೇಲೆ ನೋಡಿದರೆ ಪಕ್ಕದ ವಾಲಿಬಾಲ್ ಆಟಗಾರನ ಫೋಟೋಕ್ಕೆ ಹಾರ ಇಲ್ಲ, ಆತ ಮುಂದಿನ ಸಾಲಿನಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದಾನೆ. ಹಾರ ಇದ್ದದ್ದು ಮೂರೇ ಫೋಟೋಕ್ಕೆ. ಆ ಮೂರರ ಮುಂದೆ ಮಾತ್ರ ದೀಪ ಹಚ್ಚಿಟ್ಟಿದ್ದರು. ಕನ್ನಡಕ ಒರೆಸಿಕೊಂಡು ಕೆಳಗಿನ ಅಕ್ಷರ ಓದಿದೆ. ದಿವಂಗತ ಜಿ. ನೀಲಾಂಬಿಕೆ ಅಂತ ಚಿನ್ನದ ಬಣ್ಣದಲ್ಲಿ ಬರೆಸಿದ್ದರು.

ನಾನು ತಪ್ಪು ಓದಿದೆನೇನೋ ಅಂದುಕೊಳ್ಳುವಷ್ಟರಲ್ಲಿ ಮೈಕಿನಲ್ಲಿ, ಅಗಲಿದ ಆಟಗಾರರಿಗೆ ಒಂದು ನಿಮಿಷ ಮೌನ ಅಂದರು. ಎಲ್ಲರೂ ಎದ್ದರು. ಅಕ್ಕ, ನಾನೂ ಎದ್ದೆ. ಕಾಲು ತಾವಾಗಿ ಎದ್ದವು. ಹಿಂದಿನ ದಿನ ತಾನೇ ಉಪ್ಪಿನಕಾಯಿಗೆ ಮೆಂತ್ಯ ಹೆಚ್ಚಾಯಿತು ಅಂತ ನನ್ನ ಜೊತೆ ಅರ್ಧ ಗಂಟೆ ಮಾತಾಡಿದವಳಿಗೆ ನಾನು ತಲೆ ತಗ್ಗಿಸಿ ಮೌನ ಆಚರಿಸಿದೆ. ಅಮ್ಮ ಮಾತ್ರ ಏಳಲಿಲ್ಲ. ಕೂತು ತನ್ನ ಸೆರಗಿನ ಅಂಚನ್ನೇ ನೋಡುತ್ತಿದ್ದಳು.

ಎಲ್ಲರೂ ಕೂತ ಮೇಲೆ ನೆರೆತ ಕೂದಲಿನ ಒಬ್ಬ ಹೆಂಗಸು ಸಾಲು ದಾಟಿಕೊಂಡು ನೇರ ನಮ್ಮ ಹತ್ತಿರ ಬಂದಳು. ಎತ್ತರ, ದಪ್ಪ ಕನ್ನಡಕ. ಅಮ್ಮನ ಮುಂದೆ ಮಂಡಿಯೂರಿ ಕೂತು ಕೈ ಹಿಡಿದುಕೊಂಡಳು. ‘ನಾನಮ್ಮ, ಮಾಧವಿ. ನೀಲಾ ಜೊತೆ ರಿಲೇ ಓಡ್ತಿದ್ದೆ. ನಿಮ್ಮ ಮನೆ ರೊಟ್ಟಿ ಎಷ್ಟು ತಿಂದಿದೀನಿ.’ ಬ್ಯಾಂಕಿನಿಂದ ರಿಟೈರ್ ಆಗಿ ಈಗ ಪಲ್ಲಾವರಂನಲ್ಲಿ ಇದ್ದಾಳೆ. ಮುಖ ಹಾಗೇ ಇದೆ, ಕೆನ್ನೆಯ ಗುಳಿ ಹಾಗೇ ಇದೆ. ಆಮೇಲೆ ಅವಳು ಅಮ್ಮನನ್ನು ಕೇಳಿದಳು, ‘ಕೊನೇಲಿ ನೀಲಾಗೆ ತುಂಬಾ ನೋವಾಯ್ತಾ ಅಮ್ಮ? ಇಷ್ಟು ವರ್ಷದಿಂದ ಯಾರನ್ನಾದರೂ ಕೇಳಬೇಕು ಅಂತಿದ್ದೆ.’

ಅಮ್ಮ ಮಾಧವಿಯ ಕೈಯನ್ನು ಬಿಡಲಿಲ್ಲ. ನಾನು ಹೇಳಿದೆ, ನೀಲಕ್ಕ ಬದುಕಿದ್ದಾಳೆ, ತೂತ್ತುಕುಡಿಯಲ್ಲಿ ಇದ್ದಾಳೆ, ಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ರಿಟೈರ್ ಆದಳು, ಇಬ್ಬರು ಗಂಡುಮಕ್ಕಳು ಅಂತ. ಮಾಧವಿ ಮೊದಲು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ಫೋನಿನಲ್ಲಿದ್ದ ನಿನ್ನ ಫೋಟೋ ತೆಗೆದು ತೋರಿಸಿದೆ, ಪೊಂಗಲ್ ದಿನ ಭಾವನ ಜೊತೆ ತೆಗೆದದ್ದು. ನೋಡುತ್ತಾ ನೋಡುತ್ತಾ ಅವಳು ನೆಲದ ಮೇಲೇ ಕೂತುಬಿಟ್ಟಳು.

ಈಗ ಮಾಧವಿ ಹೇಳಿದ್ದು ಕೇಳು. ನೀನು ಭಾವನ ಜೊತೆ ಹೋದ ಮುಂದಿನ ವಾರ ಆಲ್ ಇಂಡಿಯಾ ಮೀಟಿನ ಕ್ಯಾಂಪ್ ಇತ್ತಲ್ಲ. ನೀನು ಬರಲಿಲ್ಲ ಅಂತ ಮಾಧವಿ ಮತ್ತು ನಿಮ್ಮ ಕೋಚ್ ರಘುರಾಮ ಸರ್ ಇಬ್ಬರೂ ಪೆರಂಬೂರಿಗೆ ಹುಡುಕಿಕೊಂಡು ಬಂದಿದ್ದರು. ನಾನು ಸ್ಕೂಲಿಗೆ ಹೋಗಿದ್ದೆ. ಅಪ್ಪ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಾಗಿಲಿಗೆ ಬಂದು ಹೇಳಿದ. ಬಹುವಚನ ಹಾಕಿ ಬರೆಯಲು ನನ್ನ ಕೈ ಇನ್ನು ಒಪ್ಪುವುದಿಲ್ಲ, ನೀನು ಬೈದುಕೋ. ‘ನೀಲಾ ಹೋಗಿಬಿಟ್ಟಳು. ಮಿದುಳು ಜ್ವರ. ಮೂರೇ ದಿನ. ದಯವಿಟ್ಟು ಇನ್ನು ಯಾರೂ ಬರಬೇಡಿ, ಅವಳ ತಾಯಿ ತಡೆಯೋದಿಲ್ಲ.’ ಹಾಗಂತ ಹೇಳಿ ಕೈ ಮುಗಿದನಂತೆ. ಸಿಟ್ಟಿನಲ್ಲಿ ನಮ್ಮ ಪಾಲಿಗೆ ಸತ್ತಳು ಅಂದಿದ್ದರೆ, ಎಲ್ಲ ಅಪ್ಪಂದಿರೂ ಅನ್ನುವ ಮಾತು ಅಂತ ನಾನು ಬಿಟ್ಟುಬಿಡುತ್ತಿದ್ದೆ. ಕಾಯಿಲೆಯ ಹೆಸರು ಕೂಡ ಯೋಚಿಸಿಟ್ಟುಕೊಂಡಿದ್ದ ಅಕ್ಕ. ವ್ಯಾಸರ್ಪಾಡಿಯ ಹುಡುಗನ ಜೊತೆ, ಸ್ಪೋರ್ಟ್ಸ್ ಅಂಗಡಿಯಲ್ಲಿ ಶೂ ಮಾರುವವನ ಜೊತೆ, ಜಾತಿ ಬಿಟ್ಟು ಹೋದಳು ಅಂತ ಹೇಳುವುದಕ್ಕಿಂತ ಮಗಳಿಗೆ ಜ್ವರ ಬಂದು ಸತ್ತಳು ಅನ್ನುವುದು ಅವನಿಗೆ ಮರ್ಯಾದೆಯಾಗಿ ಕಂಡಿತು.

ರಘುರಾಮ ಸರ್ ಆ ವರ್ಷ ಕ್ಯಾಂಪಿನಲ್ಲಿ ಯಾರ ಮೇಲೂ ಕೂಗಾಡಲಿಲ್ಲವಂತೆ. ಗ್ರೌಂಡಿನಲ್ಲಿ ಸಂತಾಪ ಸಭೆ ಮಾಡಿದರಂತೆ. ಹುಡುಗಿಯರೆಲ್ಲ ಸೇರಿ ನಿನ್ನ ಹೆಸರಿನಲ್ಲಿ ಒಂದು ಕಪ್ ಮಾಡಿಸಿದರು, ನೀಲಾಂಬಿಕೆ ಸ್ಮಾರಕ ಕಪ್, ಹುಡುಗಿಯರ ನಾನೂರು ಮೀಟರಿಗೆ. ಈಗಲೂ ಪ್ರತಿ ವರ್ಷ ಕೊಡುತ್ತಾರೆ. ಮಾಧವಿ ಎಲ್ಲೇ ಟ್ರಾನ್ಸ್‌ಫರ್ ಆಗಿದ್ದರೂ ಆ ದಿನ ಬಂದು ತಾನೇ ಕೈಯಾರೆ ಕೊಡುತ್ತಿದ್ದಳಂತೆ. ನೀನು ಅಲ್ಲಿ ಕೂತು ಮಾಧವಿ ನನ್ನನ್ನು ಮರೆತಳು ಅಂತ ಅವಳ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದೆ. ಇಬ್ಬರ ಆಯುಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಹೋಯಿತು. ಬಾಗಿಲಲ್ಲಿ ನಿಂತು ಆಡಿದ ನಾಲ್ಕು ಮಾತಿಗೆ.

ಅಷ್ಟರಲ್ಲಿ ನಿನ್ನ ಹೆಸರು ಕರೆದರು. ದಿವಂಗತ ನೀಲಾಂಬಿಕೆಯವರ ಪರವಾಗಿ ಅವರ ತಂಗಿ ಅಂದರು. ನಾನು ಸ್ಟೇಜ್ ಹತ್ತಿದೆ. ಯಾರೋ ಮಂತ್ರಿಯ ಕಡೆಯವರು ಶಾಲು ಹಿಡಿದು ನಿಂತಿದ್ದರು. ಅವರನ್ನು ದಾಟಿ ಹೋಗಿ ಮೊದಲು ನಿನ್ನ ಫೋಟೋದಿಂದ ಹಾರ ತೆಗೆದೆ. ದೀಪ ಆರಿಸಲು ಮನಸ್ಸಾಗಲಿಲ್ಲ, ಪಕ್ಕದವರ ಫೋಟೋದ ಮುಂದೆ ಸರಿಸಿಟ್ಟೆ. ಮೈಕಿನ ಹತ್ತಿರ ಬಂದು ತಮಿಳಿನಲ್ಲಿ ಹೇಳಿದೆ, ‘ನಮ್ಮ ಅಕ್ಕ ಜೀವಂತವಾಗಿದ್ದಾಳೆ. ಸತ್ತವಳ ಹೆಸರಿನಲ್ಲಿ ನಾನು ಏನನ್ನೂ ತಗೊಳ್ಳೋದಿಲ್ಲ.’ ಹಿಂದಿನ ಸಾಲಿನಲ್ಲಿ ಕೂತಿದ್ದ ಈಗಿನ ಹುಡುಗಿಯರು, ಟ್ರ್ಯಾಕ್ ಸೂಟಿನವರು, ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಚಂದ್ರಶೇಖರ ಅಂತ ಒಬ್ಬರು, ಇದನ್ನೆಲ್ಲ ಏರ್ಪಾಡು ಮಾಡಿದ ಅಧಿಕಾರಿ, ನನ್ನನ್ನು ಪರದೆಯ ಹಿಂದೆ ಕರೆದುಕೊಂಡು ಹೋದರು. ಪ್ರೋಗ್ರಾಂ ಲೈವ್ ಹೋಗುತ್ತಾ ಇದೆ, ಹೀಗೆ ಮಾಡಬಹುದಾ ಅಂತ ನನಗೇ ಬುದ್ಧಿ ಹೇಳಿದರು. ಒಂದು ಫೋನ್ ಮಾಡಿ ವಿಚಾರಿಸದೆ ಹೇಗೆ ದಿವಂಗತ ಅಂತ ಬರೆಸಿದಿರಿ ಅಂತ ಕೇಳಿದರೆ, ಸ್ಮಾರಕ ಕಪ್ ಇದೆಯಲ್ಲ ಮೇಡಂ, ಇನ್ನೇನು ವಿಚಾರಿಸೋದು ಅಂದರು. ಹಾಗಾದರೆ ತಿದ್ದಿಸಿ ಅಂದೆ. ಅದಕ್ಕೆ ಕಮಿಟಿ ಕೂಡಬೇಕು, ನಿಮ್ಮ ಅಕ್ಕ ಜೀವಂತ ಇದ್ದಾರೆ ಅಂತ ಗೆಜೆಟೆಡ್ ಅಧಿಕಾರಿಯ ಸರ್ಟಿಫಿಕೇಟ್ ತನ್ನಿ ಅಂದರು. ಸಾಯಿಸುವುದಕ್ಕೆ ಬಾಯಿಮಾತು ಸಾಕಾಗಿತ್ತು, ಬದುಕಿಸುವುದಕ್ಕೆ ಸರ್ಟಿಫಿಕೇಟ್ ಬೇಕಂತೆ. ಅವರ ಮುಖಕ್ಕೇ ಅಂದೆ ಇದನ್ನ. ಜೊತೆಗೆ ಬಂದಿದ್ದ ಮಾಧವಿ ಇನ್ನೂ ಜೋರಾಗಿ ಅಂದಳು, ಅವಳ ಹಳೆಯ ಬಾಯಿ ನಿನಗೆ ಗೊತ್ತಲ್ಲ. ಆ ಅಕ್ಷರ ಅಳಿಸುವ ತನಕ ನನ್ನ ಹೆಸರನ್ನೂ ನಿಮ್ಮ ಗೋಡೆಯಿಂದ ತೆಗೆಯಿರಿ ಅಂತ ಅವಳಿಗೂ ಅವತ್ತಿನ ಸನ್ಮಾನದಲ್ಲಿ ಕೊಟ್ಟಿದ್ದ ಫಲಕವನ್ನು ಅಲ್ಲೇ ಮೇಜಿನ ಮೇಲೆ ಇಟ್ಟು ಬಂದಳು.

ಇಷ್ಟೇ ಆಗಿದ್ದರೆ ನಾನು ಫೋನಿನಲ್ಲೇ ಹೇಳಿ ಇಬ್ಬರೂ ಸೇರಿ ಅಪ್ಪನನ್ನು ಬೈದುಕೊಳ್ಳುತ್ತಿದ್ದೆವು. ವಾಪಸ್ ಬರುವಾಗ ಆಟೋದಲ್ಲಿ ಅಮ್ಮನನ್ನು ಕೇಳಿದೆ, ನಿನಗೆ ಗೊತ್ತಿತ್ತಾ ಅಂತ. ಅವಳು ಹೊರಗೆ ರಸ್ತೆ ನೋಡುತ್ತಾ ಹೇಳಿದಳು, ‘ಒಳಗೆ ಅಡುಗೆಮನೆಯಲ್ಲಿದ್ದೆ. ಎಲ್ಲ ಕೇಳಿಸಿತು. ಹೊರಗೆ ಬಂದು ಸುಳ್ಳು ಅನ್ನಬಹುದಿತ್ತು. ಬರಲಿಲ್ಲ.’ ಆಗ ನೀನು ಹೆದರಿದೆ, ಸರಿ. ಅಪ್ಪ ಹೋಗಿ ಇಷ್ಟು ವರ್ಷವಾಯಿತಲ್ಲ, ಆಮೇಲೆ ನೀಲಕ್ಕನ ಜೊತೆ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೀಯಲ್ಲ, ಮಾಧವಿ ಮರೆತಳು ಅಂತ ಅವಳು ಕೊರಗಿದಾಗೆಲ್ಲ ಹ್ಞೂಂ ಅಂತ ಕೇಳಿಸಿಕೊಂಡೆಯಲ್ಲ ಅಂದೆ. ‘ಹೇಳಿದರೆ ಮತ್ತೆ ಮಾತು ಬಿಡ್ತಾಳೆ ಅಂತ ಭಯ’ ಅಂದಳು. ನಾನು ಅವಳನ್ನು ಪೆರಂಬೂರಿನ ಮನೆಯ ಮುಂದೆ ಇಳಿಸಿ, ಒಳಗೂ ಹೋಗದೆ ಅದೇ ಆಟೋದಲ್ಲಿ ಅಣ್ಣಾ ನಗರಕ್ಕೆ ಬಂದುಬಿಟ್ಟೆ. ಅವತ್ತಿನಿಂದ ಫೋನ್ ಮಾಡಿಲ್ಲ. ವಯಸ್ಸಾದವಳು, ತಾಯಿ ಅಂತೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅಪ್ಪನ ಮೇಲಿನ ಸಿಟ್ಟಿಗಾದರೆ ಎದುರಿಗೆ ಫೋಟೋ ಒಂದೇ ಇದೆ. ಅಮ್ಮ ಎದುರಿಗೇ ಇದ್ದಾಳೆ, ಹಾಗಾಗಿ ಎಲ್ಲ ಸಿಟ್ಟೂ ಅವಳ ಮೇಲೇ ಹೋಗುತ್ತಿದೆ.

ಮಾಧವಿ ಆ ಕ್ಷಣವೇ ನಿನ್ನ ನಂಬರ್ ಕೇಳಿದಳು. ಮೊದಲು ನಾನು ಬರೆಯುತ್ತೇನೆ, ನೀನು ಎಲ್ಲ ತಿಳಿದುಕೊಂಡ ಮೇಲೆ ಕೊಡುತ್ತೇನೆ ಅಂದೆ. ಅವಳಿಗೆ ಬೇಜಾರಾಯಿತು, ಆದರೆ ಒಪ್ಪಿದಳು. ಅವಳು ನಿನ್ನನ್ನು ಒಂದು ದಿನವೂ ಬಿಟ್ಟಿರಲಿಲ್ಲ ಅಕ್ಕ. ಇದೊಂದನ್ನು ನೀನು ಮೊದಲು ತಿಳಿಯಬೇಕು ಅಂತಲೇ ಇಷ್ಟುದ್ದ ಬರೆದೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಮಕ್ಕಳು, ಸೊಸೆ, ಮೊಮ್ಮಗು ಎಲ್ಲರನ್ನೂ ಕೇಳಿದೆ ಅಂತ ಹೇಳು. ಸಿಟ್ಟು ಬಂದರೆ ಪೂರ್ತಿ ಸಿಟ್ಟು ಮಾಡಿಕೋ, ಯಾರ ವಯಸ್ಸನ್ನೂ ನೋಡಬೇಡ, ಆದರೆ ಊಟ ಬಿಡಬೇಡ.

ನಿನ್ನ ತಂಗಿ,
ರಂಜು

ಮರೆತ ಮಾತು: ಕವರಿಗೆ ಹಾಕುವಷ್ಟರಲ್ಲಿ ಸಿದ್ದು ಫೋನ್ ಮಾಡಿದ. ಮಾಧವಿ ಪೆರಂಬೂರಿನ ಮನೆಗೇ ಹೋಗಿ ಅವನಿಂದ ನಿನ್ನ ವಿಳಾಸ ಇಸ್ಕೊಂಡಿದ್ದಾಳೆ, ಶುಕ್ರವಾರದ ರೈಲಿಗೆ ಟಿಕೆಟ್ ಮಾಡಿಸಿದ್ದಾಳೆ. ಅಮ್ಮನೂ ಅವಳ ಜೊತೆ ಹೊರಟಿದ್ದಾಳಂತೆ. ನೀಲಕ್ಕ ಒಳಗೆ ಕರೆಯದಿದ್ದರೆ ಅಂತ ಸಿದ್ದು ಕೇಳಿದ್ದಕ್ಕೆ, ‘ಸ್ಟೇಷನ್ನಿಗೆ ವಾಪಸ್ ಹೋಗಿ ಕೂತುಕೋತೀನಿ, ಆದರೆ ಮುಖ ನೋಡಿ ನಾನೇ ಹೇಳಬೇಕು’ ಅಂದಳಂತೆ. ನಾನು ತಡೆಯಲಿಲ್ಲ, ಹೋಗು ಅಂತಲೂ ಹೇಳಲಿಲ್ಲ. ಶನಿವಾರ ಬೆಳಿಗ್ಗೆ ಅಲ್ಲಿರುತ್ತಾರೆ. ಮಾಧವಿಯನ್ನು ನಾಲ್ಕು ದಿನ ಕಳಿಸಬೇಡ. ಅಮ್ಮನನ್ನು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು. ಇಟ್ಟುಕೊಂಡರೆ, ಸಕ್ಕರೆ ಕಾಯಿಲೆ ಮಾತ್ರೆ ಊಟಕ್ಕೆ ಮುಂಚೆ ಕೊಡಬೇಕು. ಕೊಡುವುದು ನೀನು ಮರೆತರೆ ಅವಳಾಗಿ ಬಾಯಿಬಿಟ್ಟು ಕೇಳುವುದಿಲ್ಲ.