ಸಹಿಗೆ ಕಾದ ಹಾಳೆ

ನಾಚಾರಂ, ಹೈದರಾಬಾದ್
೧೪ ಜುಲೈ ೨೦೨೪, ರವಿವಾರ

ನನ್ನ ಅವ್ವನಿಗೆ, ಕರ್ತನಲ್ಲಿ ನಿನ್ನ ಮಗಳ ವಂದನೆ.

ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅಳು ಬರುತ್ತದೆ, ಹೇಳಬೇಕಾದ್ದು ಹೇಳಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನೀನೇ ಓದು, ಯಾರ ಕೈಲೂ ಓದಿಸಬೇಡ.

ನಾನು ಸೂಪರ್‌ವೈಸರ್ ಆಗಿದ್ದ ಡಬ್ಬದ ಮುಚ್ಚಳದ ಕಾರ್ಖಾನೆಯಲ್ಲಿ ಮೂರು ವಾರದ ಹಿಂದೆ ಹುಲಗೇಶನ ಬಲಗೈ ಪ್ರೆಸ್ ಮಷಿನ್ನಿಗೆ ಸಿಕ್ಕಿತು. ಎರಡು ಬೆರಳು ಹೋದವು. ಯಾದಗಿರಿ ಕಡೆಯವನು, ಇಬ್ಬರು ಮಕ್ಕಳ ತಂದೆ. ಅಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವನು ಅವನೊಬ್ಬನೇ. ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಅಂದು ಮಷಿನ್ನಿಗೆ ಇರಲಿಲ್ಲ. ಅದಿದ್ದರೆ ಕೆಲಸ ನಿಧಾನವಾಗುತ್ತದೆಂದು ಬೆಳಿಗ್ಗೆಯೇ ತೆಗೆಸಲಾಗಿತ್ತು.

ಮಾಲೀಕರು ಒಂದು ಹಾಳೆ ಟೈಪ್ ಮಾಡಿಸಿ ತಂದರು. ಗಾರ್ಡನ್ನು ಹುಲಗೇಶ ತಾನಾಗಿಯೇ ತೆಗೆದ ಎಂದು ಅದರಲ್ಲಿತ್ತು. ನಾನು ಸಹಿ ಮಾಡಿದರೆ ಕಾರ್ಖಾನೆ ಉಳಿಯುತ್ತದೆ, ನಲವತ್ತು ಜನರ ಅನ್ನ ಉಳಿಯುತ್ತದೆ ಎಂದರು. ಮನೆಗೆ ತಂದು ಯಶವಂತರಿಗೆ ತೋರಿಸಿದೆ. ನಿನ್ನ ಅಳಿಯ ಕೆಟ್ಟವರಲ್ಲ, ನಿನಗೇ ಗೊತ್ತು. "ಸಹಿ ಮಾಡಿಬಿಡು. ನಿನ್ನ ಕೆಲಸ ಹೋದ್ರ ಅವನ ಬೆರಳು ತಿರುಗಿ ಬರ್ತಾವೇನು?" ಎಂದರು. ಚರ್ಚಿನ ಹಿರಿಯರೊಬ್ಬರನ್ನು ಕೇಳಿದೆ. ಲೋಕದಲ್ಲಿದ್ದ ಮೇಲೆ ಜಾಣತನದಿಂದ ಇರಬೇಕಮ್ಮ ಎಂದು ಅವರೂ ಹೇಳಿದರು.

ಹತ್ತು ದಿನ ಆ ಹಾಳೆ ನನ್ನ ಬೈಬಲ್ಲಿನೊಳಗೇ ಇತ್ತು. ದಿನವೂ ಮೊಣಕಾಲೂರಿ, ಜ್ಞಾನ ಕೊಡು ತಂದೆಯೇ ಎಂದು ಬೇಡಿದೆ. ಈಗ ಅನಿಸುತ್ತದೆ ಅವ್ವ, ನಾನು ಬೇಡುತ್ತಿದ್ದದ್ದು ಒಂದು ಉಪಾಯ. ಹುಲಗೇಶನಿಗೆ ಅನ್ಯಾಯವಾಗಬಾರದು, ನನಗೂ ಏನೂ ಆಗಬಾರದು. ದೇವರು ಸುಮ್ಮನಿದ್ದ.

ಬುಧವಾರ ಆಸ್ಪತ್ರೆಗೆ ಹೋದೆ. ಹುಲಗೇಶನ ಹೆಂಡತಿ ಗಂಗಾ ಅನ್ನ ಕಲಸಿ ಅವನಿಗೆ ತುತ್ತು ಕೊಡುತ್ತಿದ್ದಳು. ಅವಳು ನೀರು ತರಲು ಎದ್ದು ಹೋದಾಗ ಅವನೇ ಮಾತು ತೆಗೆದ. "ಅಕ್ಕಾರ, ಗಾರ್ಡ್ ನಾನ ತಗದೀನಿ ಅಂತ ಬರಸಿ ಕೊಡ್ತೀನ್ರಿ. ನಿಮಗ ತ್ರಾಸ ಆಗೂದು ಬ್ಯಾಡ."

ನಾನು ಬೇಡಿದ ಉಪಾಯ ಕೈಗೇ ಬಂದಿತ್ತು. ಒಂದು ಗಳಿಗೆ ನನಗೆ ಸಮಾಧಾನವಾಯಿತು. ಆ ಸಮಾಧಾನ ಕಂಡೇ ನನಗೆ ನನ್ನ ಬಗ್ಗೆ ಹೆದರಿಕೆಯಾಯಿತು. ಬೇಡಪ್ಪಾ, ಬರೆಸಿಕೊಡಬೇಡ ಎಂದಷ್ಟೇ ಹೇಳಿ ಎದ್ದು ಬಂದೆ.

ಮರುದಿನ ಸರ್ಕಾರದ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಕಚೇರಿಗೆ ಹೋಗಿ ನಡೆದದ್ದನ್ನು ನಡೆದಂತೆ ಬರೆದುಕೊಟ್ಟೆ. ಹುಲಗೇಶನಿಗೆ ಪರಿಹಾರ ಸಿಗಬಹುದಂತೆ. ಮಾಲೀಕರು ನನಗೆ ಇನ್ನು ಕೆಲಸಕ್ಕೆ ಬರಬೇಡ ಎಂದರು. ಯಶವಂತರು ಅಂದಿನಿಂದ ಮಾತಾಡಿಲ್ಲ. ಇವತ್ತು ಚರ್ಚಿಗೂ ಒಬ್ಬಳೇ ಹೋಗಿ ಬಂದೆ. ಸರಿಯಾದದ್ದು ಮಾಡಿದರೆ ಮನಸ್ಸು ಹಗುರವಾಗುತ್ತದೆ ಅಂದುಕೊಂಡಿದ್ದೆ. ಆಗಿಲ್ಲ ಅವ್ವ. ನನಗಾಗಿ ಪ್ರಾರ್ಥಿಸು.

ನಿನ್ನ ಮಗಳು,
ಅನ್ನಮ್ಮ

ತಾ.ಕ.: ಗಾರ್ಡ್ ತೆಗೆಸಿದವರು ಯಾರೆಂದು ಮೇಲೆ ಬರೆಯಲು ಕೈ ಬರಲಿಲ್ಲ. ಆರ್ಡರ್ ಬೇಗ ಮುಗಿಯಲೆಂದು ತೆಗೆಸಿದವಳು ನಾನೇ. ಇನ್‌ಸ್ಪೆಕ್ಟರಿಗೆ ಕೊಟ್ಟ ಕಾಗದದಲ್ಲಿ ಅದನ್ನೂ ಬರೆದಿದ್ದೇನೆ. ಹುಲಗೇಶನಿಗೆ ಮೊದಲಿನಿಂದಲೂ ಗೊತ್ತು. ಗಂಗಾಳಿಗೆ ಗೊತ್ತಿಲ್ಲ, ಈಗಲೂ ನನ್ನನ್ನು ಕಂಡರೆ ಕೈ ಮುಗಿಯುತ್ತಾಳೆ. ನಾಳೆ ಹೋಗಿ ಹೇಳುತ್ತೇನೆ.